ಕೌಂಟರ್-ಸ್ಟ್ರೈಕ್ ಸ್ಟಿಕರ್ ಸಂಗ್ರಹ, ಟ್ರೇಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಕಾಳಗದ ಕಂಪ್ಯೂಟರ್ ಆಟ ಆಡುವ ಗೆಳೆಯರು, ಅವರ ತಮ್ಮಂದಿರು, ಒಂದೆರಡು ಸಲ ಅವರ ಅಪ್ಪಂದಿರೂ ನನ್ನನ್ನು ಕೇಳಿದ ಪ್ರಶ್ನೆಗಳಿವು. ಒಂದೇ ಉತ್ತರವನ್ನು ವಾಟ್ಸಾಪ್‌ನಲ್ಲಿ ಎಷ್ಟು ಸಲ ಟೈಪ್ ಮಾಡುವುದು ಎಂದು ಬೇಸತ್ತು ಒಂದೆಡೆ ಬರೆದಿಟ್ಟಿದ್ದೇನೆ.

ಸ್ಟಿಕರ್ ಹಾಕಿಕೊಂಡರೆ ಆಟದಲ್ಲಿ ಏನಾದರೂ ಲಾಭ ಇದೆಯಾ?

ಇಲ್ಲ. ಗುಂಡಿನ ಪೆಟ್ಟು, ಗುರಿ, ಓಟದ ವೇಗ ಯಾವುದೂ ಬದಲಾಗುವುದಿಲ್ಲ. ಆಟೋದವರು ಹಿಂದಿನ ಗಾಜಿಗೆ ಅಣ್ಣಾವ್ರ ಚಿತ್ರ ಅಂಟಿಸುತ್ತಾರಲ್ಲ, ಮೈಲೇಜ್ ಹೆಚ್ಚಲಿ ಅಂತಲ್ಲ. ಇದೂ ಹಾಗೇ.

ಸ್ಕಿನ್, ಸ್ಟಿಕರ್, ಕ್ಯಾಪ್ಸೂಲ್: ಯಾವುದು ಯಾವುದು?

ಸ್ಕಿನ್ ಅಂದರೆ ಗನ್‌ನ ಬಣ್ಣ, ಚಿತ್ತಾರ. ಸ್ಟಿಕರ್ ಅದರ ಮೇಲೆ ಅಂಟಿಸುವ ಚಿಕ್ಕ ಚಿತ್ರ. ಕ್ಯಾಪ್ಸೂಲ್ ಅಂದರೆ ಸ್ಟಿಕರ್‌ನ ಪೊಟ್ಟಣ. ಒಡೆದರೆ ಪಟ್ಟಿಯಲ್ಲಿರುವ ಯಾವುದೋ ಒಂದು ಸ್ಟಿಕರ್ ಸಿಗುತ್ತದೆ, ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲ. ಮೊದಮೊದಲ ಕೆಲವು ಕ್ಯಾಪ್ಸೂಲ್‌ಗಳಿಗೆ ಕೀ ಬೇರೆ ಕೊಳ್ಳಬೇಕಿತ್ತು. ಟೂರ್ನಿಯ ತಂಡಗಳ ಕ್ಯಾಪ್ಸೂಲ್‌ಗೆ ಕೀ ಬೇಡ.

ಇದು ಶುರುವಾಗಿದ್ದು ಯಾವಾಗ?

ಸಿಎಸ್‌:ಗೋ ಎಂಬ ಆವೃತ್ತಿ ಬಂದದ್ದು 2012ರ ಆಗಸ್ಟ್‌ನಲ್ಲಿ. ಮುಂದಿನ ಆಗಸ್ಟ್‌ನಲ್ಲಿ, ಅಂದರೆ 2013ರಲ್ಲಿ, ಆರ್ಮ್ಸ್ ಡೀಲ್ ಅಪ್‌ಡೇಟ್‌ನೊಂದಿಗೆ ಸ್ಕಿನ್ ಬಂತು. 2014ರ ಫೆಬ್ರವರಿಯಲ್ಲಿ ಸ್ಟಿಕರ್ ಬಂತು. ಮರುತಿಂಗಳೇ ಪೋಲೆಂಡಿನ ಕಟೊವೀಸ್ ನಗರದಲ್ಲಿ ಮೇಜರ್, ಅಂದರೆ ಈ ಆಟದ ಅತಿ ದೊಡ್ಡ ಟೂರ್ನಿ. ಆಟಕ್ಕಿಳಿದ 16 ತಂಡಗಳ ಲಾಂಛನಗಳನ್ನು ಆಟದ ಕಂಪನಿ ವಾಲ್ವ್ ಸ್ಟಿಕರ್ ಮಾಡಿ ಮಾರಿತು. ಇಂದಿನ ಹುಚ್ಚಿಗೆಲ್ಲ ಆ ತಿಂಗಳೇ ಮೂಲ. ಆಟ 2023ರ ಸೆಪ್ಟೆಂಬರ್ 27ರಂದು ಸಿಎಸ್‌2 ಆಯಿತು. ಹಳೆಯ ಸ್ಟಿಕರ್‌ಗಳೆಲ್ಲ ಹಾಗೇ ಇತ್ತ ಬಂದವು.

ಕಟೊವೀಸ್ 2014ರ ಸ್ಟಿಕರ್‌ಗೆ ಅಷ್ಟೊಂದು ಬೆಲೆ ಯಾಕೆ? ಬರೀ ಚಿತ್ರ ತಾನೆ?

ಬರೀ ಚಿತ್ರವೇ. ಆದರೂ ಆ ಸಾಲಿನ ಐಬೈಪವರ್ ತಂಡದ ಹೋಲೋ (ಅಲುಗಿದಂತೆ ಬಣ್ಣ ಬದಲಿಸುವ) ಸ್ಟಿಕರ್ ಒಂದಕ್ಕೆ ಹತ್ತಾರು ಸಾವಿರ ಡಾಲರ್ ಕೊಡುವವರಿದ್ದಾರೆ. ಟೈಟನ್ ತಂಡದ ಹೋಲೋ ಕೂಡ ಅದೇ ಸಾಲಿನದು. ಇದು ಅರ್ಥವಾದರೆ ಸ್ಟಿಕರ್ ಮಾರುಕಟ್ಟೆ ಮುಕ್ಕಾಲು ಪಾಲು ಅರ್ಥವಾದ ಹಾಗೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಒಂದು, ಆಗ ಆಡುವವರೇ ಕಡಿಮೆ. ಸ್ಟಿಕರ್ ಅನ್ನುವುದು ಬಂದು ಒಂದು ತಿಂಗಳಷ್ಟೇ ಆಗಿತ್ತು. ಇದನ್ನು ಎತ್ತಿಡಬೇಕು ಅನ್ನುವ ಯೋಚನೆ ಹೆಚ್ಚಿನವರ ತಲೆಗೇ ಬಂದಿರಲಿಲ್ಲ. ಬಿದ್ದ ಹೋಲೋವನ್ನು ಕೈಗೆ ಸಿಕ್ಕ ಅಗ್ಗದ ಗನ್‌ಗೆ ಅಂಟಿಸಿ ಆಡಲು ಹೋದರು. ಅಂಟಿಸಿದ ಸ್ಟಿಕರ್ ಬಿಡಿಯಾಗಿ ಮತ್ತೆ ಮಾರುಕಟ್ಟೆಗೆ ಬರುವುದಿಲ್ಲ. ಮಾರಾಟ ನಿಂತ ಮೇಲೆ ವಾಲ್ವ್ ಅದನ್ನು ಮತ್ತೆ ಅಚ್ಚು ಹಾಕಿಲ್ಲ. ಹೀಗೆ ಸಂಖ್ಯೆ ಇಳಿಯುತ್ತಲೇ ಹೋಯಿತು. ನಮ್ಮಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಸಿದವರಿಗೆ ಇದು ಹೊಸ ಮಾತಲ್ಲ. ಎಲ್ಲರೂ ಒಲೆಗೆ ಎಸೆದದ್ದೇ ಮುಂದೆ ಯಾರ ಹತ್ತಿರವೂ ಇರುವುದಿಲ್ಲ.

ಎರಡು, ಕಥೆ. ಆ ಟೂರ್ನಿ ಗೆದ್ದದ್ದು ಪೋಲೆಂಡಿನದೇ ತಂಡ ವರ್ಟಸ್.ಪ್ರೋ, ತವರಿನ ಜನರೆದುರು, ಫೈನಲ್‌ನಲ್ಲಿ ನಿಂಜಾಸ್ ಇನ್ ಪೈಜಾಮಾಸ್ ತಂಡವನ್ನು ಮಣಿಸಿ. ಆದರೆ ಗೆದ್ದವರ ಸ್ಟಿಕರ್‌ಗಿಂತ ಕೆಟ್ಟ ಹೆಸರು ತಂದುಕೊಂಡವರದ್ದೇ ದುಬಾರಿ! ಐಬೈಪವರ್ ಆಟಗಾರರು 2014ರ ಆಗಸ್ಟ್‌ನ ಒಂದು ಪಂದ್ಯವನ್ನು ಬೇಕಂತಲೇ ಸೋತದ್ದು ಬಯಲಾಗಿ, 2015ರ ಜನವರಿಯಲ್ಲಿ ವಾಲ್ವ್ ಅವರನ್ನು ತನ್ನ ಟೂರ್ನಿಗಳಿಂದ ಹೊರಹಾಕಿತು. ಟೈಟನ್‌ನ ಒಬ್ಬ ಆಟಗಾರ 2014ರ ನವೆಂಬರ್‌ನಲ್ಲಿ ಚೀಟ್ ಬಳಸಿದ್ದಕ್ಕೆ ನಿಷೇಧಕ್ಕೊಳಗಾದ. 2016ರ ಜನವರಿಯಲ್ಲಿ ಆ ಸಂಸ್ಥೆಯೇ ಬಾಗಿಲು ಹಾಕಿತು. ಮುಂದೆ ಎಂದೂ ಬಾರದ ತಂಡ, ಹಿಂದೆ ಒಂದು ಹಗರಣ, ಜೊತೆಗೆ ಕಣ್ಣು ಕುಕ್ಕುವ ಹೊಳಪು: ಇಷ್ಟು ಸಾಕಾಯಿತು.

ಹೊಳಪಿನ ಮಾತು ಸುಳ್ಳಲ್ಲ. ಆ ವರ್ಷದ ಹೋಲೋಗಳು ಗನ್ ಅಲುಗಿದಾಗಲೆಲ್ಲ ಇಡೀ ಮೈ ಬಣ್ಣ ಬದಲಿಸುತ್ತವೆ. ನಂತರದ ವರ್ಷಗಳ ಹೋಲೋಗಳಲ್ಲಿ ಆ ಪರಿ ಕಾಣುವುದಿಲ್ಲ. ಇದು ನನ್ನ ಕಣ್ಣಿನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಪೇಪರ್, ಗ್ಲಿಟರ್, ಹೋಲೋ, ಗೋಲ್ಡ್. ಯಾವುದು ಬೀಳುವ ಸಾಧ್ಯತೆ ಎಷ್ಟು?

ಈಚಿನ ಮೇಜರ್‌ಗಳಲ್ಲಿ ಕೆಲವದರಲ್ಲಿ ಕಂಡ ನಾಲ್ಕು ಬಗೆ ಇವು, ಸಾದಾ ಪೇಪರ್‌ನಿಂದ ಮೇಲಕ್ಕೆ. ಹಳೆಯವುಗಳಲ್ಲಿ ಫಾಯಿಲ್ ಕೂಡ ಇದೆ. ಲೆಕ್ಕ ಸರಳ: ಒಂದೊಂದು ಮೆಟ್ಟಿಲು ಮೇಲೆ ಹೋದಂತೆ ಹೆಚ್ಚುಕಡಿಮೆ ಐದು ಪಟ್ಟು ವಿರಳ. ನೂರು ಕ್ಯಾಪ್ಸೂಲ್ ಒಡೆದರೆ ಸುಮಾರು 80 ನೀಲಿ ಪಟ್ಟಿಯವು (ಬಣ್ಣ ಎಷ್ಟು ವಿರಳ ಎಂಬುದನ್ನು ತೋರಿಸುತ್ತದೆ), 16 ನೇರಳೆ, ಮೂರೋ ನಾಲ್ಕೋ ಗುಲಾಬಿ. ಅದಕ್ಕೂ ಮೇಲಿನ ಕೆಂಪು ಪಟ್ಟಿ ಇದ್ದರೆ ನೂರಕ್ಕೆ ಒಂದೂ ಬರುವ ಖಾತ್ರಿಯಿಲ್ಲ. ಅಷ್ಟೇ ಅಲ್ಲ, ಹೋಲೋ ಬಿದ್ದರೂ ನಿಮಗೆ ಬೇಕಾದ ತಂಡದ್ದೇ ಬೀಳಬೇಕಲ್ಲ!

ಹಾಗಾದರೆ ಕ್ಯಾಪ್ಸೂಲ್ ಒಡೆಯಲೋ, ಹಾಗೇ ಇಡಲೋ?

ನಿಮಗೆ ಬೇಕಾಗಿರುವುದು ಒಂದು ಸ್ಟಿಕರ್ ಆದರೆ ಎರಡೂ ಬೇಡ, ಆ ಸ್ಟಿಕರನ್ನೇ ಸ್ಟೀಮ್ (ವಾಲ್ವ್‌ನ ಆನ್‌ಲೈನ್ ಆಟದಂಗಡಿ) ಮಾರ್ಕೆಟ್‌ನಲ್ಲಿ ಬಿಡಿಯಾಗಿ ಕೊಳ್ಳಿ. ಇಷ್ಟು ಹೇಳಿದ ಮೇಲೂ ಒಡೆಯುವವರು ಒಡೆಯುತ್ತಾರೆ, ನಾನೂ ಒಡೆದಿದ್ದೇನೆ. ಗಾಲಿ ತಿರುಗುವಾಗ ಹೋಲೋ ಹತ್ತಿರ ಬಂದು, ನಿಧಾನವಾಗಿ, ಇನ್ನೇನು ನಿಂತೇಬಿಟ್ಟಿತು ಅನ್ನುವಾಗ ಒಂದೇ ಒಂದು ಮನೆ ಮುಂದೆ ಜಾರಿ ಪೇಪರ್ ಮೇಲೆ ಕೂರುತ್ತದೆ. ಏನು ಬರಬೇಕೆಂಬುದು ಗುಂಡಿ ಒತ್ತಿದಾಗಲೇ ನಿಗದಿಯಾಗಿರುತ್ತದೆ. ಆ ಜಾರುವ ಆಟ ನಮ್ಮ ಎದೆಬಡಿತಕ್ಕೋಸ್ಕರ.

ಇಡುವವರ ಲೆಕ್ಕಾಚಾರ ಬೇರೆ. ಮೇಜರ್ ಕ್ಯಾಪ್ಸೂಲ್ ಶುರುವಿನಲ್ಲಿ ಒಂದು ಡಾಲರ್ ಆಸುಪಾಸು ಇರುತ್ತಿತ್ತು. ಮಾರಾಟ ಮುಗಿಯುವ ಮುನ್ನ 75% ರಿಯಾಯಿತಿ ಬಂದು ಕಾಲು ಡಾಲರ್‌ಗೆ ಇಳಿಯುತ್ತಿತ್ತು. ಆಗ ನೂರು, ಇನ್ನೂರು ಕೊಂಡು ಒಂದೆರಡು ವರ್ಷ ಮರೆತುಬಿಡುವುದು ಹಳೆಯ ಪದ್ಧತಿ. ಇನ್ವೆಂಟರಿಯಲ್ಲಿ 1000 ವಸ್ತುಗಳಿಗಷ್ಟೇ ಜಾಗ ಇರುವುದರಿಂದ ಸ್ಟೋರೇಜ್ ಯೂನಿಟ್ ಎಂಬ ಪೆಟ್ಟಿಗೆಯನ್ನೂ ದುಡ್ಡು ಕೊಟ್ಟು ಕೊಳ್ಳಬೇಕು. ಅದರಲ್ಲಿ ಮತ್ತೊಂದು ಸಾವಿರ ಹಿಡಿಯುತ್ತದೆ. ತೊಂದರೆ ಏನೆಂದರೆ, ಈ ಉಪಾಯ ಈಗ ಎಲ್ಲರಿಗೂ ಗೊತ್ತು. 2014ರಲ್ಲಿ ಯಾರೂ ಎತ್ತಿಡಲಿಲ್ಲ, ಅದಕ್ಕೇ ಬೆಲೆ ಬಂತು. ಈಗ ಎಲ್ಲರೂ ಎತ್ತಿಟ್ಟಿದ್ದಾರೆ.

ನಾವು ಕೊಡುವ ದುಡ್ಡು ಯಾರಿಗೆ ಹೋಗುತ್ತದೆ?

ಮೇಜರ್ ಸ್ಟಿಕರ್‌ಗಳಿಂದ ಬಂದ ಹಣದಲ್ಲಿ ಅರ್ಧ ಆಟಗಾರರಿಗೆ ಮತ್ತು ತಂಡಗಳಿಗೆ, ಉಳಿದರ್ಧ ವಾಲ್ವ್‌ಗೆ. ಪ್ಯಾರಿಸ್ 2023 ಮೇಜರ್‌ನಿಂದ ಆಟಗಾರರಿಗೂ ತಂಡಗಳಿಗೂ ಸೇರಿದ್ದು 110 ಮಿಲಿಯನ್ ಡಾಲರ್ ಎಂದು ವಾಲ್ವ್ ಹೇಳಿತು, ಅಂದರೆ 11 ಕೋಟಿ ಡಾಲರ್. ಆಟಗಾರರ ಹಸ್ತಾಕ್ಷರದ ಸ್ಟಿಕರ್ ಬಂದದ್ದು 2015ರ ಕಲೋನ್ ಮೇಜರ್‌ನಿಂದ. ಸಣ್ಣ ತಂಡಕ್ಕೆ ಒಂದು ಮೇಜರ್ ತಲುಪಿದರೆ ವರ್ಷದ ಖರ್ಚು ಕಳೆಯುತ್ತದೆ ಅನ್ನುವುದು ಇದೇ ಕಾರಣಕ್ಕೆ. ಬಿಡಿ ಸ್ಟಿಕರನ್ನು ಇನ್ನೊಬ್ಬರಿಂದ ಮಾರ್ಕೆಟ್‌ನಲ್ಲಿ ಕೊಂಡರೆ ಈ ಅರ್ಧಪಾಲಿನ ಲೆಕ್ಕ ಬರುವುದಿಲ್ಲ. ನೆಚ್ಚಿನ ತಂಡಕ್ಕೆ ನಾಲ್ಕು ಕಾಸು ಸೇರಲಿ ಅನ್ನುವವರು ಮಾರಾಟ ನಡೆಯುತ್ತಿರುವಾಗಲೇ ಕೊಳ್ಳಬೇಕು.

ಭಾರತದ ತಂಡದ ಸ್ಟಿಕರ್ ಯಾವುದಾದರೂ ಇದೆಯಾ?

ಮೇಜರ್‌ಗೆ ಅರ್ಹತೆ ಪಡೆದ ತಂಡಕ್ಕೆ ಮಾತ್ರ ಸ್ಟಿಕರ್. ನಮ್ಮವರು ಇನ್ನೂ ಆ ಮೆಟ್ಟಿಲು ಹತ್ತಿಲ್ಲ. ಏಷ್ಯಾದವರು ಬೇಕೆಂದರೆ ಮಂಗೋಲಿಯಾದ ದ ಮಂಗೋಲ್ಜ್ ಇದ್ದಾರೆ. 2025ರ ಜೂನ್‌ನಲ್ಲಿ ಆಸ್ಟಿನ್ ಮೇಜರ್ ಫೈನಲ್ ತಲುಪಿ ವೈಟಾಲಿಟಿಗೆ ಸೋತರು. ನಮ್ಮ ಒಂದು ಜಿಲ್ಲೆಯಷ್ಟೇ ಜನಸಂಖ್ಯೆಯ ದೇಶ ಅದು, ನೋಡಿ!

ಸ್ಟಿಕರ್ ನಾನೇ ಬಿಡಿಸಿ ಕಳಿಸಬಹುದಾ?

ಸ್ಟೀಮ್ ವರ್ಕ್‌ಶಾಪ್‌ಗೆ ಯಾರು ಬೇಕಾದರೂ ಕಳಿಸಬಹುದು. ಆಯ್ಕೆಯಾದರೆ ಕಲಾವಿದರಿಗೆ ಹಣವೂ ಬರುತ್ತದೆ. ಚಿತ್ರ ಮಾತ್ರ ನಿಮ್ಮದೇ ಆಗಿರಬೇಕು. 2014ರಲ್ಲಿ ಹೌಲ್ ಎಂಬ ಎಂ4ಎ4 ಗನ್‌ನ ಸ್ಕಿನ್ ಮತ್ತು ಹೌಲಿಂಗ್ ಡಾನ್ ಸ್ಟಿಕರ್‌ನ ಚಿತ್ರ ಬೇರೆಯವರದ್ದೆಂದು ದೂರು ಬಂದು, ವಾಲ್ವ್ ಎರಡನ್ನೂ ಹಿಂತೆಗೆದು ‘ಕಾಂಟ್ರಾಬ್ಯಾಂಡ್’ ಎಂಬ ಹೊಸ ವರ್ಗಕ್ಕೇ ಸೇರಿಸಿತು. ಕದ್ದ ಚಿತ್ರವೆಂಬ ಕಾರಣಕ್ಕೇ ಅವು ಈಗ ದುಬಾರಿ. ಯಕ್ಷಗಾನದ ಕೇದಗೆ ಮುಂದಲೆಯೋ ಹುಲಿವೇಷದ ಮುಖವೋ ಹೋಲೋದಲ್ಲಿ ಹೇಗೆ ಕಂಡೀತು ಎಂದು ನಾನು ಆಗಾಗ ಯೋಚಿಸುತ್ತೇನೆ. ಕೈ ಮಾತ್ರ ಸೊಟ್ಟ.

ಅಂಟಿಸಿದ ಸ್ಟಿಕರ್ ಕಿತ್ತು ಇನ್ನೊಂದು ಗನ್‌ಗೆ ಹಾಕಬಹುದಾ?

ಆಗುವುದಿಲ್ಲ. ಅಂಟಿಸಿದ್ದು ಅಂಟಿಸಿದ್ದೇ. 2024ರ ಅಕ್ಟೋಬರ್‌ನಲ್ಲಿ ಬಂದ ಚಾರ್ಮ್‌ಗಳನ್ನು, ಅಂದರೆ ಗನ್‌ಗೆ ನೇತುಹಾಕುವ ಪುಟ್ಟ ಗೊಂಬೆಗಳನ್ನು, ಬಿಚ್ಚಿ ಬೇರೆ ಕಡೆ ಹಾಕಬಹುದು. ಸ್ಟಿಕರನ್ನು ಕೆರೆಯಬಹುದಷ್ಟೇ. ಕೆರೆದಂತೆ ಮಾಸುತ್ತದೆ, ಕೊನೆಗೆ ಪೂರ್ತಿ ಹೋಗುತ್ತದೆ.

ಸಿಎಸ್‌:ಗೋ ಕಾಲದಲ್ಲಿ ನನ್ನದೊಂದು ಎಕೆ-47 ರೆಡ್‌ಲೈನ್ ಮೇಲೆ ಕ್ರೌನ್ ಫಾಯಿಲ್ ಇತ್ತು. ಹಳೆಯ ಸ್ಟಿಕರ್ ಕ್ಯಾಪ್ಸೂಲ್ 2ರ ಚಿನ್ನದ ಕಿರೀಟ. ಹೊಸದಾಗಿ ಮಿನುಗುವುದಕ್ಕಿಂತ ಸ್ವಲ್ಪ ಸವೆದಂತಿದ್ದರೆ ರಾಜಗಾಂಭೀರ್ಯ ಬರುತ್ತದೆ ಎಂದು ಯಾರೋ ಹೇಳಿದ್ದು ತಲೆಗೆ ಹೊಕ್ಕಿತು. ಒಮ್ಮೆ ಕೆರೆದೆ, ಅಂಚು ಸವೆಯಿತು. ಇನ್ನೊಮ್ಮೆ, ಮತ್ತೊಮ್ಮೆ. ರಾತ್ರಿ ಒಂದೂವರೆ, ಕಣ್ಣು ಎಳೆಯುತ್ತಿತ್ತು. ಈ ಸಲ ಕೆರೆದರೆ ಸ್ಟಿಕರ್ ಪೂರ್ತಿ ಹೋಗುತ್ತದೆ ಎಂಬ ಎಚ್ಚರಿಕೆ ತೆರೆಯ ಮೇಲೆ ಬಂದಿದೆ, ಓದದೆ ಒತ್ತಿದೆ. ಕಿರೀಟ ಇದ್ದ ಜಾಗದಲ್ಲಿ ಕರಿ ಕಬ್ಬಿಣ ಕಾಣಿಸಿತು. ಬೆಳಿಗ್ಗೆ ತಮ್ಮನಿಗೆ ಹೇಳಿದರೆ, "ಹೋಗ್ಲಿ ಬಿಡಣ್ಣ, ಪ್ರಜಾಪ್ರಭುತ್ವ ಬಂತು" ಅಂದ.

ಒಂದು ಗನ್‌ಗೆ ಎಷ್ಟು ಸ್ಟಿಕರ್? ಎಲ್ಲಿ ಬೇಕಾದರೂ ಹಾಕಬಹುದಾ?

ಮೊದಲು ಹೆಚ್ಚಿನ ಗನ್‌ಗಳಿಗೆ ನಾಲ್ಕು, ಅದೂ ಗೊತ್ತುಮಾಡಿದ ಜಾಗದಲ್ಲಿ. 2024ರ ಫೆಬ್ರವರಿಯಿಂದ ಐದು, ಬೇಕಾದ ಕಡೆ ಸರಿಸಿ, ತಿರುಗಿಸಿ ಹಾಕಬಹುದು. ಒಂದರ ಮೇಲೊಂದು ಬಂದರೂ ಸರಿ. ಆಮೇಲಿಂದ ಜನ ಸ್ಟಿಕರ್‌ನ ಒಂದು ಮೂಲೆಯಷ್ಟೇ ಕಾಣುವಂತೆ ಮುಚ್ಚಿ, ಅಕ್ಷರ ಜೋಡಿಸಿ ಹೊಸ ಪದ ಮಾಡುವ ಚೇಷ್ಟೆಯನ್ನೆಲ್ಲ ಶುರುಹಚ್ಚಿಕೊಂಡಿದ್ದಾರೆ.

ಸ್ಟಿಕರ್ ಹಾಕಿದ ಗನ್‌ಗೆ ಎಷ್ಟು ಹೆಚ್ಚು ಕೊಡಬೇಕು?

ಹೊಸಬರು ಬೀಳುವ ಗುಂಡಿ ಇದು. ‘ಗನ್ 1000 ರೂಪಾಯಿ, ಮೇಲೆ 4000 ರೂಪಾಯಿಯ ಸ್ಟಿಕರ್, ಒಟ್ಟು 5000’ ಎಂದು ಮಾರುವವನು ಕೂಡಿಸುತ್ತಾನೆ. ಹಾಗೆ ಕೂಡಿಸುವಂತಿಲ್ಲ. ಅಂಟಿದ ಸ್ಟಿಕರ್‌ಗೆ ಅದರ ಬಿಡಿ ಬೆಲೆಯ ಒಂದು ಸಣ್ಣ ಪಾಲು ಸಿಕ್ಕರೆ ಹೆಚ್ಚು. ಟ್ರೇಡರ್‌ಗಳು ಇದನ್ನು ‘ಪರ್ಸೆಂಟೇಜ್’ ಎನ್ನುತ್ತಾರೆ. ಅಗ್ಗದ ಸ್ಟಿಕರ್ ಇದ್ದರೆ ಸೊನ್ನೆ ಅಂತಲೇ ಇಟ್ಟುಕೊಳ್ಳಿ. ನಾಲ್ಕೂ ಒಂದೇ ಸ್ಟಿಕರ್, ಗನ್ ಬಣ್ಣಕ್ಕೆ ಒಪ್ಪುವಂಥದ್ದು, ಎಲ್ಲರೂ ಇಷ್ಟಪಡುವ ಸ್ಕಿನ್ ಆದರೆ ಪಾಲು ಏರುತ್ತದೆ. ಕೆರೆದಿದ್ದರೆ ಇಳಿಯುತ್ತದೆ. ಕಟೊವೀಸ್ 2014ರ ಸ್ಟಿಕರ್ ಒಂದು ಕೊಳಕು ಗನ್ ಮೇಲಿದ್ದರೆ ಅಯ್ಯೋ ಅನ್ನಿಸುತ್ತದೆ, ಹುಳಿ ಸಾರಿಗೆ ಕೇಸರಿ ಹಾಕಿದ ಹಾಗೆ.

ಸ್ಟೀಮ್ ಮಾರ್ಕೆಟ್‌ನಲ್ಲಿ ಮಾರಿದ ಹಣ ಬ್ಯಾಂಕಿಗೆ ಬರುತ್ತದಾ?

ಬರುವುದಿಲ್ಲ. ಸ್ಟೀಮ್ ವಾಲೆಟ್‌ಗೆ ಬಂದ ರೂಪಾಯಿ ಅಲ್ಲೇ ಖರ್ಚಾಗಬೇಕು, ಆಟ ಕೊಳ್ಳಲೋ ಇನ್ನೊಂದು ಸ್ಟಿಕರ್ ಕೊಳ್ಳಲೋ. ಜೊತೆಗೆ ಕಮಿಷನ್: ಸ್ಟೀಮ್‌ಗೆ 5%, ಆಟಕ್ಕೆ 10%. ನಿಮ್ಮ ಕೈಗೆ 100 ರೂಪಾಯಿ ಬರಬೇಕಾದರೆ ಕೊಳ್ಳುವವನು 115 ಕೊಡಬೇಕು. ಅಂದರೆ ನೂರಕ್ಕೆ ಕೊಂಡದ್ದು ನೂರಹದಿನೈದಾದಾಗ ನಿಮಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ‘ಹತ್ತು ಪರ್ಸೆಂಟ್ ಏರಿತು, ಮಾರಿಬಿಟ್ಟೆ’ ಎಂದು ಬೀಗುವ ಗೆಳೆಯನಿಗೆ ಈ ಲೆಕ್ಕ ಹೇಳಿ ನೋಡಿ.

ನಗದು ಕೊಡುವ ಹೊರಗಿನ ತಾಣಗಳಿವೆ. ಸ್ಟೀಮ್‌ನ ಒಪ್ಪಂದದ ಪ್ರಕಾರ ಖಾತೆಯಲ್ಲಿರುವುದು ನಿಮ್ಮ ಆಸ್ತಿಯಲ್ಲ, ಬಳಸಲು ಕೊಟ್ಟ ಪರವಾನಗಿ. ಹೊರಗೆ ವ್ಯವಹಾರ ಮಾಡಿ ಕೈಸುಟ್ಟುಕೊಂಡರೆ ಸ್ಟೀಮ್ ನಿಮ್ಮ ಪರ ನಿಲ್ಲುವುದಿಲ್ಲ.

ಟ್ರೇಡ್ ಮಾಡಿದೆ, ಬಂದ ಸ್ಟಿಕರ್ ಅಂಟಿಸಲು ಬಿಡುತ್ತಿಲ್ಲ. ಯಾಕೆ?

ಏಳು ದಿನ ಕಾಯಿರಿ. 2018ರ ಮಾರ್ಚ್‌ನಿಂದ, ಟ್ರೇಡ್‌ನಲ್ಲಿ ಬಂದ ವಸ್ತುವನ್ನು ಏಳು ದಿನ ಮುಂದಕ್ಕೆ ಕೊಡುವಂತಿಲ್ಲ. 2025ರ ಜುಲೈನಲ್ಲಿ ಇದಕ್ಕೆ ಟ್ರೇಡ್ ಪ್ರೊಟೆಕ್ಷನ್ ಸೇರಿತು: ಆ ಏಳು ದಿನ ವಸ್ತುವನ್ನು ಆಟದಲ್ಲಿ ಬಳಸಬಹುದು, ಆದರೆ ಅಂಟಿಸುವುದು, ಕೆರೆಯುವುದು, ಮಾರುವುದು ಇಲ್ಲ. ಅಷ್ಟರೊಳಗೆ ಮೋಸ ಗೊತ್ತಾದರೆ ಟ್ರೇಡ್ ಹಿಂತೆಗೆಯಬಹುದು. ಹಾಗೆ ಮಾಡಿದರೆ ಆ ಏಳು ದಿನಗಳ ಎಲ್ಲ ಟ್ರೇಡ್‌ಗಳೂ ಒಟ್ಟಿಗೆ ವಾಪಸಾಗುತ್ತವೆ, ನಿಮ್ಮ ಖಾತೆಗೆ 30 ದಿನ ಟ್ರೇಡ್ ಬಂದ್. ಮೊಬೈಲ್ ಅಥೆಂಟಿಕೇಟರ್ (ಫೋನಿನಲ್ಲೇ ಒಪ್ಪಿಗೆ ಕೇಳುವ ಸ್ಟೀಮ್ ವ್ಯವಸ್ಥೆ) ಹಾಕಿಕೊಳ್ಳದವರಿಗೆ 15 ದಿನಗಳವರೆಗೆ ತಡೆ ಬೇರೆ ಇದೆ. ಹಾಕಿಕೊಳ್ಳಿ ಮಾರಾಯ್ರೆ, ಐದು ನಿಮಿಷದ ಕೆಲಸ.

ಮೋಸ ಹೇಗೆ ನಡೆಯುತ್ತದೆ?

ಯಾರೂ ಪಾಸ್‌ವರ್ಡ್ ಒಡೆದು ಬರುವುದಿಲ್ಲ, ನಾವೇ ಬಾಗಿಲು ತೆಗೆಯುತ್ತೇವೆ. ನೀವು ವರ್ಷಗಳಿಂದ ಬಲ್ಲ ಗೆಳೆಯನ ಖಾತೆಯಿಂದ ಮೆಸೇಜ್ ಬರುತ್ತದೆ: "ನಮ್ಮ ಟೀಮ್‌ಗೆ ಒಂದು ಓಟ್ ಹಾಕು ಮಗಾ." ಲಿಂಕ್ ಒತ್ತಿದರೆ ಸ್ಟೀಮ್ ಲಾಗಿನ್‌ನಂತೆಯೇ ಕಾಣುವ ಕಿಟಕಿ. ಅದು ನಿಜವಾದ ಕಿಟಕಿಯಲ್ಲ, ಪುಟದೊಳಗೆ ಬಿಡಿಸಿದ ಚಿತ್ರ. ಅದನ್ನು ಎಳೆದು ಬ್ರೌಸರ್‌ನ ಅಂಚಿನಾಚೆ ಒಯ್ಯಲು ನೋಡಿ, ಹೋಗದಿದ್ದರೆ ಸುಳ್ಳು. ಗೆಳೆಯನ ಖಾತೆ ಆಗಲೇ ಕಳ್ಳರ ಕೈಲಿರುತ್ತದೆ.

ಇದಕ್ಕಿಂತ ನಾಜೂಕಾದದ್ದು ಎಪಿಐ ಕೀ ಮೋಸ. ಎಪಿಐ ಕೀ ಅಂದರೆ ಪ್ರೋಗ್ರಾಂ ಒಂದು ನಿಮ್ಮ ಖಾತೆಯ ಪರವಾಗಿ ಕೆಲಸ ಮಾಡಲು ಬಿಡುವ ಗುಪ್ತ ಸಂಕೇತ. ಹೀಗೆ ಲಾಗಿನ್ ಕದ್ದವನು ತಕ್ಷಣ ಏನೂ ಮುಟ್ಟುವುದಿಲ್ಲ. ನಿಮ್ಮ ಹೆಸರಿನಲ್ಲಿ ಒಂದು ಎಪಿಐ ಕೀ ಮಾಡಿಟ್ಟು ಸುಮ್ಮನೆ ಕಾಯುತ್ತಾನೆ. ನೀವು ಯಾರಿಗೋ ನಿಜವಾದ ಆಫರ್ ಕಳಿಸಿದ ಕ್ಷಣ ಅವನ ಪ್ರೋಗ್ರಾಂ ಅದನ್ನು ರದ್ದು ಮಾಡಿ, ಅದೇ ಹೆಸರು, ಅದೇ ಚಿತ್ರವಿರುವ ನಕಲಿ ಖಾತೆಯಿಂದ ಅದೇ ವಸ್ತುಗಳ ಆಫರ್ ಮುಂದಿಡುತ್ತದೆ. ಮೊಬೈಲಲ್ಲಿ ‘ಒಪ್ಪಿಗೆ’ ಒತ್ತುವವರು ನೀವೇ. ಒತ್ತುವ ಮುನ್ನ ಎದುರಿನವರ ಸ್ಟೀಮ್ ಲೆವೆಲ್, ಖಾತೆ ತೆರೆದ ದಿನ ನೋಡಿ. ಹತ್ತು ವರ್ಷದ ಗೆಳೆಯನ ಖಾತೆ ಮೊನ್ನೆ ಹುಟ್ಟಿರಲಾರದು. ನೀವು ಮಾಡಿಕೊಳ್ಳದ ಎಪಿಐ ಕೀ ಖಾತೆಯಲ್ಲಿದ್ದರೆ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ.

"ನಿಮ್ಮನ್ನು ತಪ್ಪಾಗಿ ರಿಪೋರ್ಟ್ ಮಾಡಿಬಿಟ್ಟೆ, ಡಿಸ್ಕಾರ್ಡ್‌ನಲ್ಲಿ ಈ ಸ್ಟೀಮ್ ಅಧಿಕಾರಿ ಜೊತೆ ಮಾತಾಡಿ" ಎಂಬುದೂ ಹಳೆಯ ನಾಟಕ. ಸ್ಟೀಮ್ ಅಧಿಕಾರಿ ಡಿಸ್ಕಾರ್ಡ್‌ನಲ್ಲಿ ಕೂತು ನಿಮ್ಮನ್ನು ಮಾತಾಡಿಸುವುದಿಲ್ಲ.

ಮಗ ದಿನಾ ಕ್ಯಾಪ್ಸೂಲ್ ಒಡೆಯುತ್ತಾನೆ. ಇದು ಜೂಜಲ್ಲವಾ?

ನನ್ನನ್ನು ಕೇಳಿದರೆ, ಒಡೆಯುವ ಭಾಗ ಜೂಜಿನ ಹತ್ತಿರದ ಸಂಬಂಧಿಯೇ. ಕೆಲವು ದೇಶಗಳೂ ಹಾಗೆಂದಿವೆ. 2018ರಲ್ಲಿ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ಗಳಲ್ಲಿ ಆಟದ ಪೆಟ್ಟಿಗೆಗಳನ್ನು ಒಡೆಯುವುದನ್ನು ವಾಲ್ವ್ ನಿಲ್ಲಿಸಬೇಕಾಯಿತು. ಫ್ರಾನ್ಸ್‌ನವರಿಗೆ 2019ರಲ್ಲಿ ಒಳಗೇನಿದೆ ಎಂದು ಮೊದಲೇ ತೋರಿಸುವ ‘ಎಕ್ಸ್-ರೇ’ ಬಂತು. ಸ್ಕಿನ್ ಪಣವಿಟ್ಟು ಆಡಿಸುವ ಹೊರಗಿನ ತಾಣಗಳಿಗೆ 2016ರಲ್ಲೇ ವಾಲ್ವ್ ನೋಟಿಸ್ ಕಳಿಸಿತ್ತು. ಕಳ್ಳದುಡ್ಡಿನ ವ್ಯವಹಾರಕ್ಕೆ ಬಳಕೆಯಾಗುತ್ತಿದೆ ಎಂದು 2019ರ ಅಕ್ಟೋಬರ್‌ನಿಂದ ಪೆಟ್ಟಿಗೆ ತೆರೆಯುವ ಹೊಸ ಕೀಗಳ ಕೈಬದಲಾವಣೆಯನ್ನೂ ನಿಲ್ಲಿಸಿತು.

ಹುಡುಗನ ಮೇಲೆ ಕೂಗಾಡುವ ಮುನ್ನ ಅವನ ಸ್ಟೀಮ್ ಖಾತೆಯ ಖರೀದಿ ಇತಿಹಾಸವನ್ನು ಅವನ ಪಕ್ಕದಲ್ಲೇ ಕೂತು ಒಂದು ಹಾಳೆಯಲ್ಲಿ ಕೂಡಿಸಿ. ನನ್ನ ಗೆಳೆಯನೊಬ್ಬನ ಮನೆಯಲ್ಲಿ ಹೀಗೆ ಮಾಡಿದರು. ಮೊತ್ತ ನೋಡಿ ಹುಡುಗನೇ ಬೆಚ್ಚಿಬಿದ್ದ. ಇಪ್ಪತ್ತು, ಮೂವತ್ತು, ನಲವತ್ತು ರೂಪಾಯಿಯ ಚಿಲ್ಲರೆಗಳು, ಎಲ್ಲ ಅಪ್ಪನ ಫೋನಿನಿಂದ. ಕಾರ್ಡ್, ಯುಪಿಐ ವಿವರ ಮಕ್ಕಳ ಖಾತೆಯಲ್ಲಿ ಉಳಿಸಬೇಡಿ.

ಇದನ್ನು ಹೂಡಿಕೆ ಅಂತ ನೋಡಬಹುದಾ?

ಬೇಡ. ಷೇರಿಗೆ ಹಿಂದೆ ಒಂದು ಕಂಪನಿ ಇರುತ್ತದೆ, ಚಿನ್ನಕ್ಕೆ ಅಕ್ಕಸಾಲಿಗನಾದರೂ ಇರುತ್ತಾನೆ. ಇಲ್ಲಿ ನಿಯಮ ಬರೆಯುವವನು ಒಬ್ಬನೇ, ಯಾರನ್ನೂ ಕೇಳಿ ಬದಲಿಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ, ಕೆಂಪು ದರ್ಜೆಯ ಐದು ವಿರಳ ಸ್ಕಿನ್ ಕೊಟ್ಟರೆ ಒಂದು ಚಾಕು ಅಥವಾ ಕೈಗವಸು ಸಿಗುತ್ತದೆಂದು ವಾಲ್ವ್ ಒಂದು ಅಪ್‌ಡೇಟ್ ಬಿಟ್ಟಿತು. ಚಾಕುಗಳ ಬೆಲೆ ರಾತ್ರೋರಾತ್ರಿ ಕುಸಿಯಿತು, ಕೆಂಪು ಸ್ಕಿನ್‌ಗಳದ್ದು ಹಾರಿತು. ಸ್ಟಿಕರ್‌ಗೂ ಅಂಥದ್ದೊಂದು ದಿನ ಬರಬಾರದೆಂದೇನಿಲ್ಲ. ಹಳೆಯ ಸ್ಟಿಕರ್‌ಗಳಿಗೆ ಬೆಲೆ ಬಂದದ್ದೇ ಜನ ಅವನ್ನು ಹೂಡಿಕೆ ಎಂದು ನೋಡದೆ ಅಂಟಿಸಿ ಖರ್ಚು ಮಾಡಿದ್ದರಿಂದ.

ನನ್ನ ಹತ್ತಿರ ಐನೂರು ರೂಪಾಯಿ ಇದೆ. ಏನು ಕೊಳ್ಳಲಿ?

ಕ್ಯಾಪ್ಸೂಲ್ ಬೇಡ. ಬಣ್ಣ ಇಷ್ಟವಾದ ಒಂದು ಅಗ್ಗದ ಸ್ಕಿನ್ ತಗೊಳ್ಳಿ. ಮೇಜರ್ ಮುಗಿದು ಗಲಾಟೆ ತಣ್ಣಗಾದ ಮೇಲೆ ಪೇಪರ್ ಸ್ಟಿಕರ್‌ಗಳು ಚಿಲ್ಲರೆ ಕಾಸಿಗೆ ಬರುತ್ತವೆ, ಅದೇ ಬಣ್ಣಕ್ಕೆ ಹೊಂದುವಂಥವು ನಾಲ್ಕೈದು ಬಿಡಿಯಾಗಿ ಆರಿಸಿ. ಅಂಟಿಸುವ ಮುನ್ನ ಆಟದಲ್ಲಿ ಗನ್ ಕೈಲಿ ಹಿಡಿದಾಗ ಯಾವ ಭಾಗ ಕಣ್ಣಿಗೆ ಬೀಳುತ್ತದೆ ನೋಡಿಕೊಳ್ಳಿ. ಇನ್ವೆಂಟರಿಯಲ್ಲಿ ಚೆಂದ ಕಂಡದ್ದು ಆಡುವಾಗ ಬೆರಳ ಹಿಂದೆ ಅಡಗಿರುತ್ತದೆ. ಎಡಬ್ಲ್ಯುಪಿ ಎಂಬ ಸ್ನೈಪರ್ ಗನ್ ಆದರೆ ಸ್ಕೋಪ್ ಮೇಲಿನ ಜಾಗ ಎಲ್ಲಕ್ಕಿಂತ ಚೆನ್ನ, ಅಲ್ಲೊಂದು ಒಳ್ಳೆಯದನ್ನು ಹಾಕಿ ಉಳಿದ ಕಡೆ ಖಾಲಿ ಬಿಟ್ಟರೂ ನಡೆಯುತ್ತದೆ.

ನನ್ನ ಒಂದು ಎಂಪಿ9 ಗನ್ ಮೇಲೆ ಐದೂ ಮಂಗೋಲ್ಜ್ ಪೇಪರ್ ಇವೆ. ಆಸ್ಟಿನ್ ಫೈನಲ್ ಸೋತ ರಾತ್ರಿ ಅಂಟಿಸಿದ್ದು. ಒಂದು ಸ್ವಲ್ಪ ಓರೆಯಾಗಿ ಕೂತಿದೆ, ಹಾಗೇ ಬಿಟ್ಟಿದ್ದೇನೆ.